ಜೋಡಿಚಪ್ಪಲಿಗೆ ಸಿಕ್ಕ ಡಬ್ಬಿಗಳು

ಮಾರ್ಚ್ 3, ಭಾನುವಾರ

ಇನ್ನೂರ ಏಳನೆಯ ಡಬ್ಬಿ ಸಿಕ್ಕಿತು! ಊರಾಚೆಯ ಹಳೇ ರೈಲ್ವೆ ಸೇತುವೆ. ಎರಡು ಬಸ್ಸು, ಆಮೇಲೆ ಮುಕ್ಕಾಲು ಗಂಟೆ ನಡಿಗೆ. ಫೋನು ‘ನಾಲ್ಕು ಮೀಟರ್’ ಎಂದು ಹೇಳಿ ಕೈ ತೊಳೆದುಕೊಂಡಿತು. ಯಾವಾಗಲೂ ಹಾಗೇ. ಅಲ್ಲಿಯವರೆಗೆ ಕರೆತಂದು, ಇನ್ನು ನಿನ್ನ ಕಣ್ಣು, ನಿನ್ನ ಹಣೆಬರಹ ಅನ್ನುತ್ತದೆ.

ಇವರು ಎಂದಿನಂತೆ ಹತ್ತು ನಿಮಿಷಕ್ಕೇ ಸುಸ್ತು. “ನೀನು ನೋಡ್ತಿರು, ನಾನು ಇಲ್ಲಿ ಕೂತು ನೀರು ಕುಡೀತೀನಿ” ಎಂದು ಮೂರನೇ ಕಂಬದ ಬುಡದಲ್ಲಿ ಕೂತರು. ಕಬ್ಬಿಣದ ತೊಲೆಯಲ್ಲಿ ಸಾಲು ಬೋಲ್ಟುಗಳು. ಒಂದಕ್ಕೆ ಮಾತ್ರ ತುಕ್ಕು ಹಿಡಿದಿಲ್ಲ — ತುಕ್ಕಿನ ಬಣ್ಣ ಬಳಿದಿದೆ. ಎಳೆದೆ. ಬಂತು! ಹಿಂದೆ ಅಯಸ್ಕಾಂತ, ಒಳಗೆ ಬೆರಳುದ್ದದ ಕಾಗದದ ಸುರುಳಿ. ತಾರೀಖು ಹಾಕಿ ‘ಜೋಡಿಚಪ್ಪಲಿ’ ಎಂದು ಬರೆದು ಮತ್ತೆ ಅಲ್ಲೇ ಅಂಟಿಸಿದೆ. ಆಟದಲ್ಲಿ ನಮ್ಮಿಬ್ಬರಿಗೂ ಸೇರಿ ಅದೇ ಹೆಸರು. ಇವರು ಇಟ್ಟದ್ದು.

“ಹದ್ದಮ್ಮಾ, ನಿನ್ನ ಕಣ್ಣಿಗೆ ದೃಷ್ಟಿ ಆಗತ್ತೆ ಕಣೇ” ಅಂದರು. ಬಸ್ಸಿನಲ್ಲಿ ಇಡೀ ದಾರಿ ನಗುತ್ತಲೇ ಇದ್ದೆ.

ಸಂಜೆ ಅಕ್ಕನ ಫೋನು. ಫೋನಿನ ನಕ್ಷೆ ಹಿಡಿದು ಡಬ್ಬಿ ಹುಡುಕುವ ಈ ಜಿಯೋಕ್ಯಾಚಿಂಗ್ ಆಟ ಅವಳಿಗೆ ಇವತ್ತಿಗೂ ಅರ್ಥವಾಗಿಲ್ಲ. “ಯಾರೋ ಬಚ್ಚಿಟ್ಟ ಡಬ್ಬಿ ಹುಡುಕೋಕೆ ಊರೂರು ಸುತ್ತುತೀರಾ? ಮನೇಲಿ ಡಬ್ಬಿ ಇಲ್ವೇನೇ?” ಇದೆ ಕಣೇ, ಆದರೆ ಎಲ್ಲಿದೆ ಅಂತ ಗೊತ್ತಲ್ಲ, ಅದಕ್ಕೇ ಮಜಾ ಇಲ್ಲ ಅಂದೆ. ಇವಳಿಗೆ ತಲೆ ಕೆಟ್ಟಿದೆ ಎಂದು ಇಟ್ಟಳು.

ಮಾರ್ಚ್ 6, ಬುಧವಾರ

ಅರ್ಜಿ ಕೊಟ್ಟೆ. ಕೊಟ್ಟೇ ಬಿಟ್ಟೆ.

ಮತ್ತೆ ಇಂಜೆಕ್ಷನ್ ಬಾಟಲಿ ತಪಾಸಣೆಗೆ ಹಾಕಿ ಎಂದು. ಬೆಳಕಿನ ಮೇಜು. ಹನ್ನೊಂದು ವರ್ಷ ಅಲ್ಲಿ ಕೂತವಳು ನಾನು. ಬಾಟಲಿ ಮೆಲ್ಲಗೆ ತಿರುಗಿಸಬೇಕು — ಬಿಳಿ ಹಲಗೆಯ ಎದುರು ಐದು ಸೆಕೆಂಡು, ಕಪ್ಪು ಹಲಗೆಯ ಎದುರು ಐದು ಸೆಕೆಂಡು. ಎರಡು ವರ್ಷದ ಹಿಂದೆ ಒಂದು ಗಾಜಿನ ಚೂರು ನನ್ನ ಕಣ್ಣು ತಪ್ಪಿಸಿ ಹೋಯಿತು. ಮರಳಿನ ಕಾಳಿಗಿಂತ ಚಿಕ್ಕದು. ಎಲ್ಲೋ ಒಂದು ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಸಿರಿಂಜಿಗೆ ಎಳೆಯುವ ಮುಂಚೆ ನೋಡಿದಳು. ಅವಳು ನೋಡದೇ ಇದ್ದಿದ್ದರೆ... ಆ ಲಾಟ್ ಪೂರ್ತಿ ವಾಪಸ್ಸು ಬಂತು. ನಾನು ಪ್ಯಾಕಿಂಗ್ ಸೆಕ್ಷನ್ನಿಗೆ.

ಆಮೇಲೆ ಸೂಜಿಗೆ ದಾರ ಪೋಣಿಸಲೂ ಕೈ ನಡುಗುತ್ತಿತ್ತು. ಗ್ಯಾಸ್ ಆಫ್ ಮಾಡಿದ್ದನ್ನು ಮೂರು ಸಲ ನೋಡುತ್ತಿದ್ದೆ, ಮೂರನೇ ಸಲವೂ ನಂಬಿಕೆ ಇಲ್ಲ. ಆಗಲೇ ಇವರು ಈ ಆಟ ತಂದದ್ದು. ಮೊದಲ ಡಬ್ಬಿ ಉದ್ಯಾನದ ಬೆಂಚಿನ ಅಡಿ. ಇವರಿಗಿಂತ ಮುಂಚೆ ನನಗೆ ಕಂಡಿತು. ಆ ದಿನ ಬಂದು ಹೊಟ್ಟೆ ತುಂಬ ಊಟ ಮಾಡಿದ್ದೆ.

ಇನ್ನೂರ ಏಳರಲ್ಲಿ ಇವರಿಗೆ ಸಿಕ್ಕಿದ್ದು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ನಾನು! ಬೋಲ್ಟನ್ನು ಬಿಡದ ಕಣ್ಣು ಗಾಜಿನ ಚೂರು ಬಿಡುತ್ತದೆಯೇ? ಅದನ್ನೇ ಯೋಚಿಸಿ ಯೋಚಿಸಿ ಅರ್ಜಿಗೆ ಸಹಿ ಹಾಕಿದೆ. ಟೆಸ್ಟ್ ಏಪ್ರಿಲ್ 8ಕ್ಕೆ. ನೂರು ಬಾಟಲಿಯ ಟ್ರೇ, ಅದರಲ್ಲಿ ಹತ್ತು ಕೆಟ್ಟದ್ದು. ಹತ್ತೂ ಹಿಡಿಯಬೇಕು.

ಮಾರ್ಚ್ 17, ಭಾನುವಾರ — ರೈಲಿನಲ್ಲಿ, ಸಂಜೆ 5

ಇವರು ಪಕ್ಕದಲ್ಲೇ ಇದ್ದಾರೆ. ನಿದ್ದೆ ಮಾಡುವಂತೆ ಕಣ್ಣು ಮುಚ್ಚಿದ್ದಾರೆ. ನಾನು ಇವರಿಗೆ ಬೆನ್ನು ಮಾಡಿ ಬರೆಯುತ್ತಿದ್ದೇನೆ.

ಡಬ್ಬಿ ಹುಡುಕುವವರ ಸಭೆ. ಮೂರು ಗಂಟೆ ರೈಲು. ನಲವತ್ತು ಜನ, ಎದೆಯ ಮೇಲೆ ಆಟದ ಹೆಸರಿನ ಚೀಟಿ. ಇದಕ್ಕೋಸ್ಕರ ರಜೆ ಹಾಕಿ ಊರಿಂದ ಊರಿಗೆ ಬರುವವರು ಇಷ್ಟು ಮಂದಿ ಇದ್ದಾರೆಂದು ಗೊತ್ತೇ ಇರಲಿಲ್ಲ. ಖುಷಿಯಾಗಿದ್ದೆ. ನಮ್ಮ ಚೀಟಿ ನೋಡಿ ಒಬ್ಬಾಕೆ ಓಡಿ ಬಂದರು — ಬಣ್ಣದ ಅಂಗಡಿ ಇಟ್ಟುಕೊಂಡವರಂತೆ, ಸೇತುವೆಯ ಬೋಲ್ಟು ಬಚ್ಚಿಟ್ಟವರು ಅವರೇ. ನನ್ನ ಎರಡೂ ಕೈ ಹಿಡಿದುಕೊಂಡರು.

“ಜೋಡಿಚಪ್ಪಲಿಯವರಾ? ಕಣ್ಣು ಈಗ ಹೇಗಿದೆಯಮ್ಮಾ? ಧೈರ್ಯ ಬಂತಾ?”

“ಕಣ್ಣಿಗೇನಾಗಿದೆ?” ಅಂದೆ.

“ಅಯ್ಯೋ, ಅದೇ, ಕೆಲಸದಲ್ಲಿ ಆಯ್ತಲ್ಲ... ನಿಮ್ಮ ಯಜಮಾನ್ರು ಎಲ್ಲಾ ಬರೆದಿದ್ರು. ಮೂರನೇ ಕಂಬದ ಹತ್ರ ಕೂತ್ಕೊಳ್ಳಿ ಸಾರ್, ಅವರಿಗೆ ಸಿಕ್ಕೇ ಸಿಗತ್ತೆ ಅಂತ ನಾನೇ ಹೇಳಿದ್ದು. ಸಿಕ್ತಲ್ಲ!”

ಇವರ ಕಡೆ ನೋಡಿದೆ. ಕೈಯಲ್ಲಿದ್ದ ಟೀ ಕಪ್ಪನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದರು. ಎದುರಿಗೇ ಮೇಜಿತ್ತು.

ಆಕೆಗೆ ಗೊತ್ತಾಯಿತು, ನನಗೆ ಗೊತ್ತಿರಲಿಲ್ಲವೆಂದು. ಕೈ ಬಿಟ್ಟರು.

ಮಾರ್ಚ್ 18, ಸೋಮವಾರ — ಬೆಳಿಗ್ಗೆ

ಕೆಲಸಕ್ಕೆ ಹೋಗಲಿಲ್ಲ. ಇವರು ಕಾರು ಕಲಿಸಲು ಡ್ರೈವಿಂಗ್ ಸ್ಕೂಲಿಗೆ ಹೋದ ಮೇಲೆ ಕಂಪ್ಯೂಟರ್ ಹಾಕಿದೆ. ಖಾತೆ ಇಬ್ಬರದೂ. ಆದರೆ ಹುಡುಕುವುದು ನಾನು, ವೆಬ್‌ಸೈಟಿನಲ್ಲಿ ಬರೆಯುವುದು ಇವರು — ಮೊದಲಿನಿಂದ ಹಾಗೇ ನಡೆದು ಬಂದಿದೆ. ಮೆಸೇಜಿನ ಪೆಟ್ಟಿಗೆ ಎಂಬುದು ಒಂದಿದೆ ಎಂದೂ ನೋಡಿರಲಿಲ್ಲ. ಬೆಪ್ಪು ನಾನು.

ಒಂದೇ ಒಕ್ಕಣೆ. ಒಬ್ಬರಿಗೆ ಬರೆದದ್ದನ್ನೇ ಎಲ್ಲರಿಗೂ ಅಂಟಿಸಿದ್ದಾರೆ, ಜಾಗದ ಹೆಸರು ಮಾತ್ರ ಬೇರೆ. ‘ನನ್ನ ಹೆಂಡತಿಯಿಂದ ಕೆಲಸದಲ್ಲಿ ಒಂದು ದೊಡ್ಡ ತಪ್ಪಾಯಿತು. ತನ್ನ ಕಣ್ಣಿನ ಮೇಲೆ ನಂಬಿಕೆ ಕಳೆದುಕೊಂಡಿದ್ದಾಳೆ. ಡಬ್ಬಿ ನಿಖರವಾಗಿ ಎಲ್ಲಿದೆ ಎಂದು ತಿಳಿಸಿದರೆ ಉಪಕಾರ. ಅವಳಿಗೆ ಗೊತ್ತಾಗುವುದು ಬೇಡ.’

ಕೆಳಗೆ ಉತ್ತರಗಳು. ‘ಪಾಪ.’ ‘ಖಂಡಿತ ಸಾರ್.’ ‘ನಮ್ಮತ್ತಿಗೆಗೂ ಹೀಗೇ ಆಗಿತ್ತು.’ ಒಬ್ಬ — ‘ನೀವು ಬರೋ ದಿನ ಹೇಳಿ, ಸ್ವಲ್ಪ ಹೊರಗೆ ಕಾಣೋ ಹಾಗೆ ಇಡ್ತೀನಿ.’

ಸ್ವಲ್ಪ ಹೊರಗೆ ಕಾಣುವ ಹಾಗೆ! ಅದು ದೀಪಸ್ತಂಭದ ಡಬ್ಬಿ. ಅದನ್ನು ಹುಡುಕಿದ ದಿನ ಅಕ್ಕನಿಗೆ ಫೋನ್ ಮಾಡಿ ಅರ್ಧ ಗಂಟೆ ಜಂಬ ಕೊಚ್ಚಿದ್ದೆ.

ಈಗ ಒಂದೊಂದೇ ನೆನಪಾಗುತ್ತಿದೆ. ಗ್ರಂಥಾಲಯದ ಹಿಂದೆ ಇವರ ಶೂ ಲೇಸು ಬಿಚ್ಚಿಕೊಂಡದ್ದು. ಕೆರೆ ಏರಿಯಲ್ಲಿ ‘ಇಲ್ಲಿ ನೆರಳಿದೆ’ ಅಂದದ್ದು. ಗುಡ್ಡದ ಮೇಲೆ ಫೋಟೋ ತೆಗೆಯುತ್ತೇನೆ, ಆ ಬಂಡೆಗೆ ಒರಗಿ ನಿಲ್ಲು ಅಂದದ್ದು. ಬಂಡೆಯ ಸಂದಿನಲ್ಲೇ ಡಬ್ಬಿ! ನಾನು ಕಿರುಚಿದ್ದೆ. ಇವರು ಎಷ್ಟು ಚೆನ್ನಾಗಿ ಆಶ್ಚರ್ಯಪಟ್ಟರು.

ಮೋಸ. ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಊರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ. ಪ್ಯಾಕಿಂಗಿಗೆ ಹಾಕಿದ ದಿನ ಯಾರಿಗೂ ಹೇಳಬೇಡಿ ಎಂದು ಇವರ ಹತ್ತಿರ ಅತ್ತು ಕೇಳಿಕೊಂಡಿದ್ದೆ. ಅಕ್ಕನಿಗೂ ಹೇಳಿರಲಿಲ್ಲ ನಾನು.

ಮಾರ್ಚ್ 19, ಮಂಗಳವಾರ

ಮಾತಾಡಿದೆವು. ಅಥವಾ ನಾನು ಕೂಗಿದೆ, ಇವರು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿದ್ದರು.

“ಮೊದಲ ಎರಡು ಮೂರು ಮಾತ್ರ ಅಂದ್ಕೊಂಡಿದ್ದೆ. ನೀನು ನಕ್ಕೆ. ಎಷ್ಟು ತಿಂಗಳಾಗಿತ್ತು ನೀನು ನಕ್ಕು. ಆಮೇಲೆ ನಿಲ್ಸೋಕೆ ಆಗ್ಲಿಲ್ಲ ಕಣೇ.”

“ನಿಮ್ಮ ಸ್ಕೂಲಿನ ಕಾರಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಇರತ್ತಲ್ಲ. ಕಲಿಯೋಕೆ ಬಂದೋರಿಗೆ ಅದು ಇದೆ ಅಂತ ಮೊದಲೇ ಹೇಳ್ತೀರಿ ತಾನೇ? ನನಗೆ ಯಾಕೆ ಹೇಳ್ಲಿಲ್ಲ?”

ಬಾಗಿಲಿನ ಚಿಲಕ ತಿರುವುತ್ತಾ ನಿಂತರು.

“ಯಾವುದು ನಂದು? ಇನ್ನೂರ ಏಳರಲ್ಲಿ ನಾನೇ ಕಂಡಿದ್ದು ಯಾವುದು ಹೇಳಿ. ಒಂದು ಹೇಳಿ ಸಾಕು.”

ತಲೆ ಕೆರೆದುಕೊಂಡರು. “ಬೆಂಚಿನದು...” ಅಂದರು. ಬೆಂಚಿನದಕ್ಕೂ ಮೆಸೇಜು ಇದೆ. ನಾನು ಓದಿದ್ದೇನೆ. ಆಗಲೂ ಸುಳ್ಳು!

“ಇನ್ಮೇಲೆ ಯಾರ ಹತ್ರನೂ ನಿನ್ನ ವಿಷಯ ಎತ್ತಲ್ಲ. ನಿನ್ನಾಣೆ” ಅಂದರು, ಅಳುತ್ತಾ. ಇವರು ಅತ್ತದ್ದನ್ನು ನಾನು ಈ ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ಸಮಾಧಾನ ಮಾಡಬೇಕೆನ್ನಿಸಿತು. ಅದಕ್ಕೂ ಸಿಟ್ಟು ಬಂತು.

ಮಾರ್ಚ್ 31, ಭಾನುವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಮನೆಯಲ್ಲಿ ‘ಉಪ್ಪು’, ‘ಬೀಗ’, ‘ಹಾಲು’ — ಇಷ್ಟೇ ಮಾತು.

ಇವತ್ತು ಒಬ್ಬಳೇ ಹೋದೆ. ಅಕ್ಕನ ಮನೆಗೆ ಎಂದು ಸುಳ್ಳು ಹೇಳಿದೆ, ನನಗೂ ಬರುತ್ತದೆ. ಹೊಸ ಖಾತೆ, ನನ್ನ ಫೋನಿನಲ್ಲೇ. ಹೆಸರು ಒಂಟಿಚಪ್ಪಲಿ. ಇಟ್ಟಾಗ ನಗು ಬಂತು, ಆಮೇಲೆ ಬರಲಿಲ್ಲ.

ಬಂದರಿನ ಹಳೇ ಗೋದಾಮು. ಹೊರಗಿನ ಕಬ್ಬಿಣದ ಮೆಟ್ಟಿಲು, ಅಲ್ಲಿ ಎಲ್ಲೋ ಡಬ್ಬಿ. ಒಂದೊಂದು ಮೆಟ್ಟಿಲಿನ ಅಡಿ ಕೈ ಹಾಕಿದೆ. ಕೊಳವೆ, ಕಿಟಕಿಯ ಚೌಕಟ್ಟು, ಒಡೆದ ಮೀಟರ್ ಪೆಟ್ಟಿಗೆ, ಎಲ್ಲ. ಕಾವಲುಗಾರ ಎರಡು ಸಲ ಬಂದು ಏನಮ್ಮ ಕಳ್ಕೊಂಡ್ರಿ ಎಂದು ಕೇಳಿ ಹೋದ. ಯಾರೂ ಎಲ್ಲೂ ಕೂತು ನೀರು ಕುಡಿಯಲಿಲ್ಲ. ನಾಲ್ಕು ಗಂಟೆ ಹುಡುಕಿದೆ. ಮಂಡಿ ತರಚಿತು, ಉಗುರಲ್ಲೆಲ್ಲ ಗ್ರೀಸು.

ಸಿಗಲಿಲ್ಲ.

ರೈಲಿನಲ್ಲಿ ಕೂತು ವೆಬ್‌ಸೈಟಿನಲ್ಲಿ ನಾನೇ ಬರೆದೆ: ‘ಹುಡುಕಿದೆ. ಸಿಗಲಿಲ್ಲ.’ ಎರಡು ವರ್ಷದಲ್ಲಿ ಜೋಡಿಚಪ್ಪಲಿ ಒಂದು ಸಲವೂ ಹಾಗೆ ಬರೆದಿಲ್ಲ. ಆಗಲೇ ಅನುಮಾನ ಬರಬೇಕಿತ್ತಲ್ಲ! ಎಂಥವರಿಗೂ ಹತ್ತರಲ್ಲಿ ಎರಡಾದರೂ ತಪ್ಪಿಹೋಗುತ್ತವೆ.

ವಿಚಿತ್ರವೆಂದರೆ ಹಸಿವಾಯಿತು. ಚೆನ್ನಾಗಿ ಹಸಿವಾಯಿತು. ಆ ‘ಸಿಗಲಿಲ್ಲ’ವಾದರೂ ನನ್ನದು.

ಏಪ್ರಿಲ್ 8, ಸೋಮವಾರ

ಹತ್ತಕ್ಕೆ ಹತ್ತು!

ಕೈ ನಡುಗಲಿಲ್ಲ. ಬಿಳಿಗೆ ಐದು, ಕಪ್ಪಿಗೆ ಐದು. ಎರಡು ನೂಲಿನ ಎಳೆ, ಮೂರು ರಬ್ಬರ್ ಚೂರು, ಒಂದು ಬಿರುಕು, ನಾಲ್ಕು ಗಾಜು. ಹೊರಗೆ ಹೋಗಿ ಇವರಿಗೇ ಮೊದಲು ಫೋನ್ ಮಾಡಬೇಕೆನ್ನಿಸಿತು. ಅಭ್ಯಾಸ. ಅಥವಾ ಕ್ಷಮಿಸಿಬಿಟ್ಟಿದ್ದೆನೋ ಏನೋ, ಆ ಎರಡು ನಿಮಿಷ.

ಅಷ್ಟರಲ್ಲಿ ಸೂಪರ್‌ವೈಸರ್ ಟ್ರೇ ಎತ್ತಿಕೊಳ್ಳುತ್ತಾ, “ಮನೇಲಿ ಹೇಳಿ, ಸುಮ್ನೆ ಅಷ್ಟು ಟೆನ್ಷನ್ ಮಾಡ್ಕೊಂಡ್ರು ಅಂತ” ಅಂದರು.

“ಯಾರು?”

“ನಿಮ್ಮ ಯಜಮಾನ್ರು. ಗುರುವಾರ ಬಂದಿದ್ರಲ್ಲ.” ಸೂಪರ್‌ವೈಸರ್ ಮಗಳಿಗೆ ಕಾರು ಕಲಿಸಿದ್ದು ನಮ್ಮವರೇ. ಪರಿಚಯ ಇದೆ, ಗೊತ್ತು.

“ಏನಂದ್ರು ಸಾರ್?”

“ಏನಿಲ್ಲಮ್ಮ. ಹೀಗೇ ಸುಮ್ನೆ.” ಟ್ರೇ ಮೇಲೆ ಬಟ್ಟೆ ಮುಚ್ಚಿದರು.

ನಾಲ್ಕು ಗಾಜು. ಅಷ್ಟು ಬೇಗ ಕಂಡವಲ್ಲ. ದಪ್ಪ ಇದ್ದವೇ? ಸ್ವಲ್ಪ ಹೊರಗೆ ಕಾಣುವ ಹಾಗೆ...

ಏಪ್ರಿಲ್ 9, ಮಂಗಳವಾರ

ಕೇಳಿದೆ. “ಹೋಗಿದ್ದೆ” ಅಂದರು. “ನಿನಗೆ ಧೈರ್ಯ ಹೇಳಿ ಅಂತ ಕೇಳೋಕೆ. ಅಷ್ಟೇ.”

“ಆಣೆ ಹಾಕಿದ್ರಲ್ಲ?”

“ಅದು ಡಬ್ಬಿ ವಿಷಯ ಅಲ್ವಾ” ಅಂದರು.

ಡಬ್ಬಿ ವಿಷಯ! ಡಬ್ಬಿ ಸಿಕ್ಕರೂ ಸಿಗದಿದ್ದರೂ ಯಾರಿಗೂ ಏನೂ ಆಗುವುದಿಲ್ಲ. ಈ ಬಾಟಲಿ ಯಾರದೋ ರಕ್ತಕ್ಕೆ ಹೋಗುತ್ತದೆ. ಇವರಿಗೆ ಅದು ಹೊಳೆಯುವುದೇ ಇಲ್ಲ. ನಾನು ನಗಬೇಕು, ಅಷ್ಟೇ.

ಸೂಪರ್‌ವೈಸರ್ ಹತ್ತಿರ ಹೋಗಿ, ಟೆಸ್ಟ್ ಮತ್ತೆ ಕೊಡಿ, ಟ್ರೇಯನ್ನು ಬೇರೆ ಯೂನಿಟ್ಟಿನವರು ಜೋಡಿಸಲಿ ಅಂದೆ. ಕನ್ನಡಕ ತೆಗೆದು ನೋಡಿದರು. “ಪಾಸಾದೋರು ಯಾರೂ ಹೀಗೆ ಕೇಳಿದ್ದು ನಾನು ನೋಡಿಲ್ಲಮ್ಮ.” ಈಗ ನೋಡಿ ಸಾರ್ ಅಂದೆ. ಒಪ್ಪಿದರು. ಗುರುವಾರ ಒಂಬತ್ತಕ್ಕೆ. ನಮ್ಮ ಮನೆಗೆ ಮಾತ್ರ ತಿಳಿಸಬೇಡಿ ಎಂದು ಕೈ ಮುಗಿದೆ. ತಲೆಯಾಡಿಸಿದರು.

ಏಪ್ರಿಲ್ 11, ಗುರುವಾರ — ಬೆಳಿಗ್ಗೆ 7.10

ನಿದ್ದೆ ಚೆನ್ನಾಗಿ ಬಂತು. ಇವರಿಗೆ ಹೇಳಿಲ್ಲ. ಪ್ಯಾಕಿಂಗಿನಲ್ಲೇ ಇನ್ನೂ ಒಂದು ವಾರ ಅಂದಿದ್ದೇನೆ. ಎಷ್ಟು ಬರಲಿ — ಹತ್ತೋ, ಆರೋ, ನಾಲ್ಕೋ. ನಾಲ್ಕೇ ಬಂದರೆ ಪ್ಯಾಕಿಂಗಿನಲ್ಲೇ ಇರುತ್ತೇನೆ, ಯಾರ ಹಂಗೂ ಬೇಡ. ಬಂದದ್ದು ನನ್ನದಾಗಿದ್ದರೆ ಸಾಕು.

ಇವರು ಸ್ನಾನಕ್ಕೆ ಹೋಗಿದ್ದಾರೆ. ಏನೋ ಗುನುಗುತ್ತಿದ್ದಾರೆ. ತುಂಬ ದಿನದ ಮೇಲೆ.

ಇವರ ಫೋನು ಮೇಜಿನ ಮೇಲೆ ಈಗ ಮಿನುಗಿತು. ನೋಡಬಾರದಿತ್ತು. ಸೂಪರ್‌ವೈಸರ್ ಹೆಸರು. ತೆರೆಯದೆಯೇ ಓದಲು ಬರುತ್ತದೆ, ಎರಡೇ ಸಾಲು:

‘ಇವತ್ತಿನ ಟ್ರೇನೂ ನಾನೇ ಜೋಡಿಸಿದೀನಿ ಸಾರ್. ಮೇಡಂಗೆ ಗೊತ್ತಾಗಲ್ಲ, ನಿಶ್ಚಿಂತೆಯಿಂದಿರಿ.’

ಟ್ರೇ‘ನೂ’.

ಫೋನು ಕೈಗೆತ್ತಿಕೊಂಡೆ.

ನಲ್ಲಿಯ ಸದ್ದು ನಿಂತಿತು. “ಹದ್ದಮ್ಮಾ, ಟವೆಲ್ ಕೊಡೇ” ಅನ್ನುತ್ತಿದ್ದಾರೆ. ಎಲ್ಲಿದೆ ಅಂದೆ. “ನಿನ್ನ ಕಣ್ಣಿಗೆ ಕಾಣದ್ದು ಯಾವುದಿದೆ” ಎಂದು ಒಳಗಿಂದ ನಗುತ್ತಿದ್ದಾರೆ. ಬಾಗಿಲು ತೆರೆಯುತ್ತಿದೆ. ನಾನು ಈಗ ಇವರಿಗೆ ಟವೆಲಲ್ಲ, ಈ ಫೋನನ್ನೇ ಕೊಡುತ್ತೇನೆ.