ಜಿನೇಶನ ಪೆಟ್ಟಿಗೆ, ಸಿದ್ರಾಮನ ಕೈ

ನವೆಂಬರ್ ೧೮, ಸೋಮವಾರ. ಇಚಲಕರಂಜಿ

ಎರಡು ಕ್ಲಾಸು, ಒಂದು ಲ್ಯಾಬು. ಕಂಟ್ರೋಲ್ ಸಿಸ್ಟಮ್ಸ್ ಹೇಳುವಾಗ ಪಕ್ಕದ ಕ್ಲಾಸಿನವರು ಬಂದು ನನ್ನ ಬಾಗಿಲು ಮುಂದೆ ಮಾಡಿ ಹೋದರು. ನನ್ನ ದನಿ ಅವರ ಗೋಡೆ ದಾಟುತ್ತದಂತೆ. ದಾಟಲಿ. ಅವ್ವ ಕಂಪನಿ ನಾಟಕದಲ್ಲಿ ರಾಜನ ಪಾರ್ಟು ಮಾಡಿದವಳು. ಕಟ್ಟಕಡೆಗೆ ಕೂತು ಶೇಂಗಾ ಸುಲಿಯುವವನಿಗೂ ಮಾತು ಮುಟ್ಟಬೇಕು ಅಂತ ಸೈಡ್‌ವಿಂಗಿನಲ್ಲಿ ನಿಲ್ಲಿಸಿ ಕಲಿಸಿದಳು. ಈಗ ಯಾರಿಗೋಸ್ಕರ ಪಿಸುಗುಟ್ಟಲಿ?

ಚಹಾದ ಹೊತ್ತಿಗೆ ಸ್ಟಾಫ್‌ರೂಮಿನ ಶ್ರೀಪಾಲ ಮೊಬೈಲು ಮುಂದೆ ಹಿಡಿದ. ವಿಡಿಯೋ. ಜಿನೇಶ. ನನ್ನ ವಿದ್ಯಾರ್ಥಿ, ಆಮೇಲೆ ನನ್ನದೇ ಪ್ರಾಜೆಕ್ಟಿನಲ್ಲಿ ಅಸಿಸ್ಟಂಟು, ಈಗ ಯಡ್ರಾವದಲ್ಲಿ ಸ್ವಂತ ಕಂಪನಿಯ ಮಾಲಕ. ಟೇಬಲ್ಲಿನ ಮೇಲೆ ನೀಲಿ ಪೆಟ್ಟಿಗೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಈ ಪೆಟ್ಟಿಗೆ ತಾನೇ ನೋಡುತ್ತದೆ, ತಾನೇ ಒಲೆಯ ಗಾಳಿ ಹೆಚ್ಚು ಕಡಿಮೆ ಮಾಡುತ್ತದೆ, ಕಬ್ಬಿನ ಸಿಪ್ಪೆ ಉಳಿಯುತ್ತದೆ, ಕರಿ ಹೊಗೆ ಇಲ್ಲ — ಹೀಗೆಲ್ಲ ಹೇಳಿ ಎದೆ ಮುಟ್ಟಿಕೊಂಡ. ಪೂರ್ತಿ ತನ್ನ ಕಲ್ಪನೆಯಂತೆ. ಪೇಟೆಂಟೂ ಬಂತಂತೆ.

ಆ ಎದೆಯಲ್ಲಿ ಇರುವುದು ನನ್ನ ಕಲ್ಪನೆ. ಅದಕ್ಕಾಗಿ ಗಡಹಿಂಗ್ಲಜದ ಆಲೆಮನೆಗಳಲ್ಲಿ ಸೀಜನ್ನು ಸೀಜನ್ನು ಹೊಗೆ ಕುಡಿದವಳು ನಾನು. ಕೂದಲಿಗೆ ಬೆಲ್ಲದ ವಾಸನೆ ಅಂಟಿ, ಎಸ್‌ಟಿ ಬಸ್ಸಿನಲ್ಲಿ ಇರುವೆಗಳು ಬೆನ್ನು ಹತ್ತುತ್ತವೆ ಅಂತ ಕಂಡಕ್ಟರ್ ನಗುತ್ತಿದ್ದ.

ಮ್ಯಾನೇಜ್‌ಮೆಂಟಿಗೆ ದೂರು ಕೊಡಬಹುದು. ಕಮಿಟಿ ಕೂಡುತ್ತದೆ, ಬಿಸ್ಕೀಟು ತಿನ್ನುತ್ತದೆ, ಏಳುತ್ತದೆ. ಬೇಡ. ಅವನು ಬೀಳಬೇಕು, ಜನರ ಮುಂದೆ ಬೀಳಬೇಕು. ಖಾಲಿ ಥಿಯೇಟರಿನಲ್ಲಿ ಖಳನಾಯಕ ಸತ್ತರೆ ಏನು ಚೆಂದ?


ನವೆಂಬರ್ ೨೩, ಶನಿವಾರ. ಕೊಲ್ಹಾಪುರದಿಂದ ಬಂದು

ಕೃಷಿ ಪ್ರದರ್ಶನಕ್ಕೆ ಹೋದೆ. ಅವನ ಸ್ಟಾಲ್ ಮುಂದೆ ಜನ. ಅವನು ಊಟಕ್ಕೆ ಹೋದಾಗ ಒಳಗೆ ಹೊಕ್ಕು ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿದೆ.

ನನ್ನ ಪೆಟ್ಟಿಗೆಗೆ ಎರಡು ಕಣ್ಣಿದ್ದವು. ಒಂದು, ನೊರೆ ಎಷ್ಟು ಏರಿತು ಅಂತ ನೋಡುವ ಸಲಾಕೆ. ಇನ್ನೊಂದು, ಕೊಪ್ಪರಿಗೆಯ ತಳದ ಉಷ್ಣತೆ ಅಳೆಯುವ ಸೆನ್ಸರ್. ಎರಡನೆಯದನ್ನು ತೆಗೆದೇಬಿಟ್ಟಿದ್ದಾನೆ. ಯಾಕೆ ಅಂದರೆ, ಅಗ್ಗ ಆಗುತ್ತದಂತೆ, ವೈರಿನ ಕಿರಿಕಿರಿ ಇಲ್ಲವಂತೆ. ಸ್ಟಾಲಿನ ಹುಡುಗಿ ಬಾಯಿಪಾಠ ಒಪ್ಪಿಸಿದಳು. ನೊರೆ ಏರಿದರೆ ಗಾಳಿ ಕಡಿಮೆ, ನೊರೆ ಇಳಿದರೆ ಗಾಳಿ ಜಾಸ್ತಿ. ಅಷ್ಟೇ.

ಒಕ್ಕಣ್ಣ. ನನ್ನ ಮಗುವನ್ನು ಕದ್ದವನು ಅದರ ಒಂದು ಕಣ್ಣನ್ನೂ ಕಿತ್ತಿದ್ದಾನೆ.

ರಂಕಾಳೆ ಕೆರೆಯ ಕಟ್ಟೆಯ ಮೇಲೆ ಕೂತು ಒಬ್ಬಳೇ ನಕ್ಕೆ. ಭೇಳ್ ತಿನ್ನುತ್ತಿದ್ದವರು ಜಾಗ ಬಿಟ್ಟು ಎದ್ದರು.


ನವೆಂಬರ್ ೨೪, ಭಾನುವಾರ

ನಗು ಯಾಕೆ ಬಂತು, ಬರೆದಿಡುತ್ತೇನೆ.

ಈ ಕಡೆಯ ಆಲೆಮನೆಗಳಲ್ಲಿ ಒಂದು ಪದ್ಧತಿ. ನೊರೆ ಉಕ್ಕಿ ಅಂಚಿಗೆ ಬಂದರೆ ಪಾಕ ನೋಡುವವನು, ಗುಳವ್ಯಾ, ನಾಲ್ಕು ಹನಿ ಔಡಲೆಣ್ಣೆ ಚಿಮುಕಿಸುತ್ತಾನೆ. ನೊರೆ ಹೆದರಿದ ಬೆಕ್ಕಿನ ಹಾಗೆ ಕೂತುಬಿಡುತ್ತದೆ. ಅವನ ಅಪ್ಪ ಮಾಡಿದ, ಇವನೂ ಮಾಡುತ್ತಾನೆ. ಯೋಚನೆ ಇಲ್ಲ, ಕೈಯೇ ಹೋಗುತ್ತದೆ. ಯಡ್ರಾವದ ಶೆಡ್ಡಿನಲ್ಲಿ ಸ್ಟೀಲ್ ಡ್ರಮ್ಮಿನಲ್ಲಿ ಟೆಸ್ಟ್ ಮಾಡಿದ ಜಿನೇಶನಿಗೆ ಇದು ಹೊಳೆದಿರಲಿಕ್ಕಿಲ್ಲ. ಪ್ರಾಜೆಕ್ಟಿನ ಕಾಲದಲ್ಲೂ ಆಲೆಮನೆಗೆ ಬಂದರೆ ಹೊರಗೆ ಬೈಕಿನ ಮೇಲೆ ಕೂತು ಫೋನು ನೋಡುತ್ತಿದ್ದ. ಹೊಗೆ ಆಗುವುದಿಲ್ಲ ಅಂತ.

ಈಗ ನೋಡು. ಪಾಕ ಸುಡುಸುಡು ಕುದಿಯುತ್ತಿದೆ. ಎಣ್ಣೆ ಬಿತ್ತು. ನೊರೆ ಕೂತಿತು. ಒಕ್ಕಣ್ಣ ಪೆಟ್ಟಿಗೆ ಏನಂದುಕೊಳ್ಳುತ್ತದೆ? ಬೆಂಕಿ ಆರಿತು ಅಂದುಕೊಳ್ಳುತ್ತದೆ. ಗಾಳಿಯ ಬಾಗಿಲು ಪೂರ್ತಿ ತೆರೆಯುತ್ತದೆ. ಬೆಂಕಿ ಹುಲಿಯಾಗುತ್ತದೆ. ಬೆಲ್ಲ ಸೀದು ಡಾಂಬರು.

ನನ್ನ ಎರಡನೆಯ ಕಣ್ಣು ಇದ್ದದ್ದೇ ಇದಕ್ಕಾಗಿ.

ಫೋನು ಮಾಡಿ ಹೇಳಲೇ? ಹ್ಹ.

ರಕ್ತ ಬೇಡ. ಕಪ್ಪು ಬೆಲ್ಲ ಸಾಕು.


ಡಿಸೆಂಬರ್ ೨, ಸೋಮವಾರ

ಅಲಕಾ ಫೋನು ಮಾಡಿದಳು. ಸ್ವಚ್ಛ ಇಂಧನದ ಯೋಜನೆಗೆ ಜಿಲ್ಲೆಯಿಂದ ಯಂತ್ರ ಆರಿಸುವ ಸಮಿತಿಯ ಮುಖ್ಯಸ್ಥೆ, ನನ್ನ ಹಳೆಯ ಗೆಳತಿ. ಜಿನೇಶನ ಪೆಟ್ಟಿಗೆಯ ಡೆಮೋ ಯಡ್ರಾವದಲ್ಲೇ ಇಡೋಣವೇ ಅಂತ ಕೇಳಿದಳು. ನಾನು ಜೇನಿನಂತೆ ಮಾತಾಡಿದೆ. ರೈತರ ಯಂತ್ರ, ರೈತರ ನಡುವೆಯೇ ಆಗಲಿ. ಗಡಹಿಂಗ್ಲಜದ ಹತ್ತಿರ ಬಾಳಗೊಂಡನ ಆಲೆಮನೆ ಇದೆ, ಜಾಗ ದೊಡ್ಡದು, ಮಂಟಪ ಹಾಕಬಹುದು. ಪಾಕಕ್ಕೆ ಸಿದ್ರಾಮ ಇದ್ದಾನೆ. ನೇಸರಿಯಿಂದ ಚಂದಗಡದವರೆಗೆ ಅವನಂಥ ಗುಳವ್ಯಾ ಇಲ್ಲ.

ಅಲಕಾ ಒಪ್ಪಿದಳು. ಎಷ್ಟು ದೊಡ್ಡ ಮನಸ್ಸು ನಿನ್ನದು ಅಂದಳು.

ಮೊದಲ ಅಂಕ ಮುಗಿಯಿತು.


ಡಿಸೆಂಬರ್ ೭, ಶನಿವಾರ. ಗಡಹಿಂಗ್ಲಜ

ಬಾಳಗೊಂಡನಿಗೆ ಹೊಳೆದಂಡೆಯಲ್ಲಿ ಒಂದು ಚೌಳು ಹೊಲ. ಅತಿ ನೀರು ಕುಡಿದು ಮಣ್ಣು ಉಪ್ಪಾಗಿದೆ. ಅಲ್ಲಿಯ ಕಬ್ಬಿನ ಹಾಲು ಹೊಲಸು ನೊರೆ ಕಟ್ಟುತ್ತದೆ, ಎಣ್ಣೆ ಮತ್ತೆ ಮತ್ತೆ ಬೀಳಲೇಬೇಕು. ಮಣ್ಣಿನ ಪರೀಕ್ಷೆ, ರಸದ ಪರೀಕ್ಷೆ ಎರಡೂ ಹಿಂದೆ ನಾನೇ ಮಾಡಿಸಿದ್ದು. ಡೆಮೋಕ್ಕೆ ಅದೇ ಕಬ್ಬು ಕಡಿಸು ಅಂದೆ. ಬಾಳಗೊಂಡ ತಲೆ ಕೆರೆದ. ಕಷ್ಟದ ಕಬ್ಬಿನಲ್ಲಿ ಗೆದ್ದರೆ ತಾನೇ ಯಂತ್ರದ ಹೆಸರು, ಅಂದೆ. ಖರೆ ಅಂದ.

ಸಿದ್ರಾಮ ಗಾಣದ ಹಿಂದೆ ಬೀಡಿ ಸೇದುತ್ತ ಕೂತಿದ್ದ. ಅವ್ವನ ಓಣಿಯವನು. ನಾನು ಹೊಗೆ ಕುಡಿದ ಸೀಜನ್ನುಗಳಲ್ಲಿ ಪಾಕದ ಹದ ತೋರಿಸಿದವನು.

"ನೀಲಕ್ಕಾ, ಇನ್ನ ಮಷೀನ ಬೆಲ್ಲಾ ಮಾಡತೈತಂತಲ್ಲ. ನಾ ಏನ್ ಮಾಡ್ಲಿ, ಭಜನಿ ಮಾಡ್ಲೇನು?"

"ನಿನ್ನ ಭಜನಿ ಯಾರ ಕೇಳ್ತಾರೋ. ಪಾಕ ನೋಡ. ದಿನಾ ಹೆಂಗ ಮಾಡ್ತಿ, ಹಂಗ ಮಾಡ."

"ಹೌದ್ರಿ. ಬ್ಯಾರೆ ನನಗ ಬರೂದರ ಎಲ್ಲೈತಿ."

ಜಿನೇಶನ ಕಂಪನಿಯವರು ಟೋಪಿ ಕೊಡುತ್ತಾರಂತೆ, ಆದರೆ ತಾನು ರುಮಾಲೇ ಸುತ್ತುವವನಂತೆ. ಮಗಳು ರುತುಜಾ ಕಾಲೇಜಿಗೆ ರಜೆ ಹಾಕಿ ನೋಡಲು ಬರುತ್ತಾಳಂತೆ.

ದಿನಾ ಹೆಂಗ ಮಾಡ್ತಿ, ಹಂಗ ಮಾಡ. ಎಂಥ ಡೈಲಾಗು. ಅವ್ವ ಇದ್ದಿದ್ದರೆ ಒನ್ಸ್‌ಮೋರ್ ಅನ್ನುತ್ತಿದ್ದಳು.


ಡಿಸೆಂಬರ್ ೧೫, ಭಾನುವಾರ. ಬೆಳಿಗ್ಗೆ

ಹಸಿರು ಇಳಕಲ್ ಸೀರೆ. ಮೊದಲ ಸಾಲಿನ ಕುರ್ಚಿ. ಅವನ ಮುಖ ಬಿಳಿಚುವುದನ್ನು ಹತ್ತಿರದಿಂದ ನೋಡಬೇಕು.


ಅದೇ ದಿನ. ಸಂಜೆ

ಕ್ರಮವಾಗಿ ಬರೆಯಬೇಕು.

ಮಂಟಪ ತುಂಬಿತ್ತು. ಜಿನೇಶ ಮೈಕು ಹಿಡಿದ. ನನ್ನ ಹೆಸರು ಕರೆದ. ಎಲ್ಲರ ಮುಂದೆ ಬಂದು ಬಗ್ಗಿ ಪಾದ ಮುಟ್ಟಿದ. ಗುರು ಅಂದ. ಗುಂಡಿ ಒತ್ತುವುದು ಮೇಡಮ್ಮೇ ಅಂದ. ಚಪ್ಪಾಳೆ. ಖಳನಾಯಕ ಪಾದ ಮುಟ್ಟಿದರೆ ಕತ್ತಿ ಹಿಡಿದವಳು ಕತ್ತಿಯನ್ನು ಎಲ್ಲಿಡಬೇಕು? ಯಾವ ನಾಟಕದಲ್ಲೂ ಇದನ್ನು ನನಗೆ ಕಲಿಸಿರಲಿಲ್ಲ.

ಪೇಟೆಂಟಿನಲ್ಲಿ ಇಲ್ಲದ ಗುರು ಮಂಟಪದಲ್ಲಿ ಯಾಕೆ ಹುಟ್ಟಿದಳು? ಆ ಯೋಚನೆ ಬಂದದ್ದೇ ಎದೆ ಮತ್ತೆ ಕಲ್ಲಾಯಿತು. ಒತ್ತಿದೆ.

ಕಬ್ಬಿನ ಹಾಲು ಕಾಯಿತು. ನೊರೆ ಎದ್ದಿತು, ಚೌಳು ಹೊಲದ ನೊರೆ, ಕೊಪ್ಪರಿಗೆಯ ಅಂಚಿನಲ್ಲಿ ತುಳುಕಾಡಿತು. ಸಿದ್ರಾಮ ಎಣ್ಣೆಯ ಬಟ್ಟಲಿಗೆ ಕೈ ಹಾಕಿದ. ಹಾಕುವ ಮೊದಲು ನನ್ನತ್ತ ನೋಡಿ ನಕ್ಕ. ಒಂದು ಶಬ್ದ ಸಾಕಿತ್ತು. ಬ್ಯಾಡ ಅಂದಿದ್ದರೆ ಕಟ್ಟಕಡೆಯ ಕುರ್ಚಿಗೂ ಮುಟ್ಟುತ್ತಿತ್ತು.

ಬಾಯಿ ಮುಚ್ಚಿಕೊಂಡು ಕೂತೆ.

ಎಣ್ಣೆ ಬಿತ್ತು. ನೊರೆ ಕೂತಿತು. ಪೆಟ್ಟಿಗೆ ಗಾಳಿ ತೆರೆಯಿತು. ಮತ್ತೆ ನೊರೆ, ಮತ್ತೆ ಎಣ್ಣೆ. ಒಲೆ ಗುಡುಗಿತು. ಬೆಂಕಿ ಹೆಚ್ಚಾಯಿತು ಅಂತ ಸಿದ್ರಾಮ ಕೂಗಿದ್ದು ನಾನು ಕೇಳಿದೆ. ಮಷೀನು ನೋಡಿಕೊಳ್ಳುತ್ತದೆ, ನೀನು ಒಲೆ ಮುಟ್ಟಬೇಡ ಅಂತ ಜಿನೇಶನ ಆಳು ಗದರಿಸಿದ್ದೂ ಕೇಳಿದೆ. ಆಮೇಲೆ ಆ ವಾಸನೆ. ಪಾಕ ಹೊಯ್ದಾಗ ಬಾಳಗೊಂಡ ಹಣೆ ಬಡಿದುಕೊಂಡ. ಕಾಡಿಗೆಯಂಥ ಕಪ್ಪು.

ಜಿನೇಶನ ಮುಖ ಬಿಳಿಚಿತು. ಹೌದು, ನೋಡಿದೆ. ಬಾಯಿ ಪೂರ್ತಿ ಸಿಹಿ ಆಯಿತು. ಇದನ್ನು ಸುಳ್ಳು ಬರೆಯುವುದಿಲ್ಲ.

ಆಮೇಲೆ ಅವನು ಬಟ್ಟಲು ನೋಡಿದ. ಮೈಕು ಎತ್ತಿದ.

"ಮಷೀನ ಬರೋಬ್ಬರಿ ಐತ್ರಿ. ಕುದಿಯು ಪಾಕಕ್ಕ ಇವ್ರು ಕದ್ದು ಎಣ್ಣಿ ಹಾಕ್ಯಾರ. ಕಣ್ಣಾಗ ಮಣ್ಣ ಹಾಕಿದ್ರ ಯಾರಿಗರ ಕಾಣತೈತೇನ್ರಿ?"

ಮಂಟಪ ನಕ್ಕಿತು. ಎಲ್ಲರೂ ತಿರುಗಿ ಸಿದ್ರಾಮನನ್ನು ನೋಡಿದರು. ಬಟ್ಟಲು ಇನ್ನೂ ಅವನ ಕೈಯಲ್ಲೇ ಇತ್ತು. ರುತುಜಾ ಎದ್ದು ಹೊರಗೆ ಹೋದಳು.

ನನ್ನ ಬಾಣ ಗುರಿಯತ್ತಲೇ ಹೋಗಿತ್ತು. ಜಿನೇಶ ಪಕ್ಕಕ್ಕೆ ಸರಿದ, ಹಿಂದೆ ನಿಂತವನಿಗೆ ನಾಟಿತು.


ಡಿಸೆಂಬರ್ ೨೯, ಭಾನುವಾರ

ಬರೆಯಲಿಲ್ಲ. ಏನು ಬರೆಯಲಿ.

ವಿಡಿಯೋ ಊರೂರು ಸುತ್ತುತ್ತಿದೆ. ಸಿದ್ರಾಮನ ರುಮಾಲು, ಬಟ್ಟಲು, ಹಿಂದೆ ತಮಾಷೆಯ ಮರಾಠಿ ಹಾಡು. ಬಾಳಗೊಂಡ ಅವನನ್ನು ಕೆಲಸದಿಂದ ಬಿಡಿಸಿದ್ದಾನೆ. ಸಿದ್ರಾಮ ನೇಸರಿಯ ಆಲೆಮನೆಗಳಲ್ಲಿ ಕೇಳಿದನಂತೆ, ಜಾಗ ಇಲ್ಲ. ಸೀಜನ್ನು ತುಂಬಿ ಹರಿಯುತ್ತಿರುವಾಗ ಗುಳವ್ಯಾನಿಗೆ ಜಾಗ ಇಲ್ಲ.

ಜಿನೇಶ ಪೆಟ್ಟಿಗೆಯ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿದ್ದಾನೆ: ಎಣ್ಣೆ ನಿಷೇಧ. ಸಮಿತಿ ಮತ್ತೊಂದು ಡೆಮೋ ತೆಗೆದುಕೊಂಡಿತು, ಯಡ್ರಾವದಲ್ಲಿ, ಅವನದೇ ಆಳುಗಳೊಂದಿಗೆ. ಪಾಸು. ಇನ್ನು ಕೊಲ್ಹಾಪುರದಲ್ಲಿ ಅವನಿಗೆ ಸತ್ಕಾರವಂತೆ.


ಜನವರಿ ೪, ಶನಿವಾರ. ಯಡ್ರಾವ

ಹೋಗಿದ್ದೆ. ಸುತ್ತ ಮಗ್ಗಗಳ ಸದ್ದು, ನಾನೂ ಕೂಗಬೇಕಾಯಿತು. ಸಿದ್ರಾಮನ ಹೆಸರು ತೊಳೆ, ಪೆಟ್ಟಿಗೆಯದೇ ದೋಷ, ಎರಡನೆಯ ಸೆನ್ಸರ್ ಬೇಕೇ ಬೇಕು ಅಂತ ಎಲ್ಲರೆದುರು ಒಪ್ಪಿಕೋ ಅಂದೆ. ಜಿನೇಶ ಚಹಾ ತರಿಸಿದ. ಕುರ್ಚಿ ಒರೆಸಿದ. ಅವಸರವೇ ಇಲ್ಲ.

"ಮೇಡಮ್, ಎಣ್ಣಿ ಹಾಕೂಮುಂದ ನೀವು ಅಲ್ಲೇ ಇದ್ರಿ. ಏನ್ ಆಗತೈತಿ ಅಂತ ನಿಮಗಿಂತ ಛಲೋ ಯಾರಿಗ್ ಗೊತ್ತಿತ್ತು? ಯಾಕ ಸುಮ್ಮ ಕುಂತ್ರಿ?"

ಚಹಾದ ಕಪ್ಪು ದೂರ ಸರಿಸಿದೆ.

"ಆ ಚೌಳ ಕಬ್ಬ ಕಡಸಿದವ್ರೂ ನೀವ. ಬಾಳಗೊಂಡ ಹೇಳ್ಯಾನ. ನಾ ಯಾರ ಮುಂದೂ ಅಂದಿಲ್ಲ. ನೀವೂ ಅನಬ್ಯಾಡ್ರಿ. ಚಹಾ ಆರತೈತಿ, ತಗೋರಿ."

ಗೊತ್ತಿತ್ತು ಅವನಿಗೆ. ಮೈಕು ಎತ್ತುವಾಗ ಗೊತ್ತಿತ್ತೋ, ಆಮೇಲೆ ತಿಳಿಯಿತೋ... ಈಗಂತೂ ನನ್ನ ಕತ್ತಿಯ ಹಿಡಿ ಅವನ ಕೈಯಲ್ಲಿದೆ. ಬಾಯಿ ತೆರೆದರೆ ಅವನು ಬೀಳುತ್ತಾನೆ, ಅವನ ಜೊತೆ ನಾನೂ. ಇಷ್ಟು ವರ್ಷದ ನೌಕರಿ, ಮೇಡಮ್ ಅನ್ನುವ ಮರ್ಯಾದೆ, ಅಲಕಾ ಅಂದ ದೊಡ್ಡ ಮನಸ್ಸು.

ಚಹಾ ಕುಡಿದೆ. ಅದೇ ನೆನಪಾಗಿ ಉರಿಯುತ್ತಿದೆ. ಕುಡಿದೆ.


ಜನವರಿ ೧೦, ಶುಕ್ರವಾರ. ಮಧ್ಯಾಹ್ನ

ನಾಳೆ ಕೊಲ್ಹಾಪುರದಲ್ಲಿ ಸತ್ಕಾರ. ಅಲಕಾ ಹಾರ ಹಾಕುತ್ತಾಳೆ. ನನಗೂ ಕರೆ ಬಂದಿದೆ, ಗುರು ಅಂತ. ಹೋಗುತ್ತೇನೆ. ಅವನು ಹಾರಕ್ಕೆ ಕತ್ತು ಬಗ್ಗಿಸುವ ಹೊತ್ತಿಗೆ ಎದ್ದು ನಿಲ್ಲುತ್ತೇನೆ, ಮೈಕು ಕೇಳುವುದಿಲ್ಲ. ಕದ್ದದ್ದು, ಕಣ್ಣು ಕಿತ್ತದ್ದು, ಬಡವನ ಮೇಲೆ ಹೊರೆಸಿದ್ದು, ಎಲ್ಲ. ನಾನೂ ಬೀಳುವುದಾದರೆ ಬೀಳಲಿ. ಕೆಳಗೆ ಅವನು ಇರುತ್ತಾನಲ್ಲ, ಅವನ ಮೇಲೆಯೇ ಬೀಳುತ್ತೇನೆ.

ಇಷ್ಟು ಬರೆಯುವಾಗ ಬಾಗಿಲಲ್ಲಿ ಸಿದ್ರಾಮ.

ಗಂಟು ಕಟ್ಟಿಕೊಂಡು ಬಂದಿದ್ದಾನೆ. ಯಡ್ರಾವದ ಮಗ್ಗದ ಕಾರಖಾನೆಯಲ್ಲಿ ನೂಲಿನ ಗಾಡಿ ತುಂಬುವ ಕೆಲಸ ಸಿಕ್ಕಿದೆಯಂತೆ. ಹೋಗುವ ದಾರಿಯಲ್ಲಿ ಅಕ್ಕನನ್ನು ಕಂಡು ಹೋಗೋಣ ಅಂತ ಇಳಿದನಂತೆ. ನೀರು ಕೊಟ್ಟೆ. ಜಿನೇಶನ ಮೇಲೆ ಒಂದು ಬೈಗುಳ ಬರಲಿ ಅಂತ ಕಾದೆ, ನಾನೂ ದನಿಗೂಡಿಸಬಹುದು ಅಂತ. ಬರಲಿಲ್ಲ.

"ಸಾಹೇಬಂದು ತಪ್ಪಿಲ್ಲ ಬಿಡ ಅಕ್ಕಾ. ನನ್ನ ಕೈನ ಹಳೇದಾಗೇತಿ. ಆದ್ರ ಒಂದ ಕೇಳತೇನಿ, ನೀ ಕಲ್ತಾಕಿ. ಅಪ್ಪ ಹಾಕಿದ ಎಣ್ಣಿ ಯಾವತ್ತೂ ಬೆಲ್ಲಾ ಸುಟ್ಟಿದ್ದಿಲ್ಲ. ಅವತ್ತ ಯಾಕ ಸುಟ್ಟಿತು?"

ಸ್ವಲ್ಪ ತಡಿ ಅಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಾಳೆಯ ಮಾತು ಬಾಯಿಪಾಠ ಇದೆ. ಈ ಒಬ್ಬನಿಗೆ ಹೇಳುವ ಮಾತು ಬರುತ್ತಿಲ್ಲ. ದನಿ ಎತ್ತರಿಸಿದರೆ ಸುಳ್ಳಾಗುತ್ತದೆ. ಮೆಲ್ಲಗೆ ಹೇಳಲು ನನಗೆ ಯಾರೂ ಕಲಿಸಿಲ್ಲ.

ಹೊರಗೆ ಕೆಮ್ಮಿದ. ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾನೆ. ಮೊದಲು ಇಲ್ಲಿ ಬರೆದುಕೊಂಡು, ನೋಡಿಕೊಂಡಾದರೂ ಓದುತ್ತೇನೆ.

ಸಿದ್ರಾಮ, ನಿನ್ನ ಕೈದು ತಪ್ಪಿಲ್ಲ. ಎಣ್ಣಿದೂ ಅಲ್ಲ. ಆ ಹೊಲದ ಕಬ್ಬ ಕಡಸ ಅಂತ ಹೇಳಿದಾಕಿ, ದಿನಾ ಮಾಡಿದಂಗ ಮಾಡ ಅಂತ ನಿನಗ ಹೇಳಿದಾಕಿ —