ಚಿಕ್ಕ ಅಂಗಿಯ ಕೂಲಿ

ಸೋಮವಾರ, ಮಧ್ಯಾಹ್ನ
ಅಂಗಡಿಯಿಂದ

ಮುನಿಸಿಕೊಂಡು ಕೂತಿರುವ ನನ್ನಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ ಅಂತ ಕೇಳೋಣವೆಂದರೆ, ನನ್ನ ಬಾಯಲ್ಲಿ ‘ಆಪರೇಷನ್’ ಬರುವಷ್ಟರಲ್ಲಿ ಫೋನ್ ಇಟ್ಟುಬಿಡುತ್ತೀಯ. ಮೂರು ಸಲ ಹೀಗೇ ಆಯಿತು. ಅದಕ್ಕೇ ಈ ಕಾಗದ. ಹರಿದು ಹಾಕಬಹುದು ನಿಜ, ಆದರೆ ಓದದೆ ಹರಿಯುವ ಜಾತಿ ನಿನ್ನದಲ್ಲ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ವಾರ, ಗುರುವಾರ ಬೆಳಿಗ್ಗೆ ನನ್ನ ಆಪರೇಷನ್. ಮುಂಗಡ ಕಟ್ಟಿ ಆಗಿದೆ. ನೀನು ಬಂದರೂ ಮಾಡಿಸಿಕೊಳ್ಳುತ್ತೇನೆ, ಬರದಿದ್ದರೂ ಮಾಡಿಸಿಕೊಳ್ಳುತ್ತೇನೆ. ಆದರೆ ನೀನು ಬರಬೇಕು.

‘ಯಾರೂ ನೋಡದ ಜಾಗಕ್ಕೆ ಇದೆಂಥಾ ಷೋಕಿ? ದುಡ್ಡು ಹೆಚ್ಚಾಗಿದ್ಯಾ ನಿಂಗೆ?’ ಅಂದೆಯಲ್ಲ ಹೋದ ತಿಂಗಳು, ಆ ಮಾತು ಇನ್ನೂ ಚುಚ್ಚುತ್ತಿದೆ. ಷೋಕಿ ಅಲ್ಲಮ್ಮ. ಬಿಡಿಸಿ ಹೇಳುತ್ತೇನೆ, ನಾಚಿಕೊಂಡು ಸಾಕಾಗಿದೆ. ಕೆಳಗೆ, ಯೋನಿಯ ಒಳತುಟಿಗಳು ನನಗೆ ಉದ್ದ. ಹದಿನಾಲ್ಕು ವರ್ಷದಿಂದ ಮೆಷಿನ್ ಮುಂದೆ ಕೂತು ಪೆಡಲ್ ತುಳಿಯುವಾಗೆಲ್ಲ ಉಜ್ಜುತ್ತವೆ. ಸಂಜೆಯ ಹೊತ್ತಿಗೆ ಉರಿ, ಬೇಸಿಗೆಯಲ್ಲಿ ಗಾಯ. ಒಳ ಉಡುಪಿಗೆ ಮೆತ್ತನೆಯ ಹತ್ತಿಬಟ್ಟೆಯ ಒಳಪದರ ಕೊಟ್ಟುಕೊಂಡು ದಿನ ದೂಡಿದ್ದೇನೆ. ನಿನ್ನ ಅಳಿಯನ ಮೇಲೆ ಅನುಮಾನ ಪಡಬೇಡ. ‘ನಂಗೇನೂ ಕೊರತೆ ಕಾಣ್ಲಿಲ್ಲ ಮಾರಾಯ್ತಿ, ಆದ್ರೆ ನೋವು ನಿಂದು ತಾನೆ’ ಅಂದರು ಪಾಪ, ಅಷ್ಟೇ.

ಇನ್ನು ದುಡ್ಡಿನ ಮಾತು, ನಿನಗೆ ಅದೇ ತಾನೇ ದೊಡ್ಡದು. ಮೊದಲು ಹೋಗಿದ್ದು ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ. ಕೌಂಟರಿನ ಹುಡುಗಿ ಕಡಿಮೆ ರೇಟು ಹೇಳಿದಾಗ ಕುಣಿದಾಡುವಷ್ಟು ಖುಷಿಯಾಯಿತು. ಕತ್ತರಿಸುವವರು ಯಾರು ಅಂತ ಕೇಳಿದರೆ ‘ನಮ್ಮ ಟೀಮ್’ ಅಂದಳು. ಅರಿವಳಿಕೆಗೆ ಬೇರೆ, ಆಪರೇಷನ್ ಕೋಣೆಗೆ ಬೇರೆ, ಹೊಲಿಗೆ ಬಿಚ್ಚಿಕೊಂಡರೆ ಅದಕ್ಕೂ ಬೇರೆಯಂತೆ! ಬಟ್ಟೆ, ನೂಲು, ಗುಂಡಿ ಎಲ್ಲ ನಿಮ್ಮದೇ, ನಮ್ಮದು ಬರೀ ಕತ್ತರಿ ಅಂದ ಹಾಗಾಯಿತು. ಕೈಮುಗಿದು ಎದ್ದು ಬಂದೆ.

ಎರಡನೆಯದು ಹಳೇ ಕಟ್ಟಡ, ಲಿಫ್ಟ್ ಕೆಟ್ಟಿತ್ತು, ಮೂರು ಮಹಡಿ ಹತ್ತಿದೆ. ನರೆಗೂದಲಿನ ಡಾಕ್ಟರಮ್ಮ ರೇಟು ಹೇಳುವ ಮೊದಲೇ ನನ್ನನ್ನು ವಿಚಾರಿಸಿಕೊಂಡರು. ‘ಯಾರಾದ್ರೂ ಏನಾದ್ರೂ ಅಂದ್ರಾ? ಎಲ್ರದ್ದೂ ಒಂದೇ ಥರ ಇರಲ್ಲಮ್ಮ, ಉದ್ದ ಇದ್ರೆ ತಪ್ಪೇನಿಲ್ಲ. ಚೆಂದಕ್ಕೆ ಅಂತ ಬಂದಿದ್ರೆ ವಾಪಸ್ ಹೋಗಿ’ ಅಂದರು. ನೋವಿಗೆ ಅಂದೆ. ಪರೀಕ್ಷೆ ಮಾಡಿ ನೋಡಿ, ಕಲೆ ಉಳಿಯಬಹುದು, ಸ್ಪರ್ಶ ಸ್ವಲ್ಪ ಮಂದವಾಗಬಹುದು ಅಂತಲೂ ಮುಚ್ಚಿಡದೆ ಹೇಳಿದರು. ಆಮೇಲೆ ಹೇಳಿದ ರೇಟು ಮೊದಲಿನದಕ್ಕಿಂತ ಒಂದೂವರೆ ಪಟ್ಟು.

ನನಗೆ ಪಿತ್ತ ನೆತ್ತಿಗೇರಿತು. ಇಷ್ಟೇ ಇಷ್ಟು ಜಾಗಕ್ಕೆ ಇಷ್ಟೊಂದಾ ಅಂತ ಕೇಳಿಯೇಬಿಟ್ಟೆ. ಅವರು ನಕ್ಕು, ‘ಹೊಲಿಗೆ ಕೆಲಸ ಅಂದ್ರಲ್ಲ, ಎಳೆ ಮಗು ಅಂಗಿಗೆ ಕೂಲಿ ಕಡಿಮೆ ತಗೋತೀರಾ?’ ಅಂದರು. ಅಂಗೈಯಗಲದ ತೋಳು ಕೂರಿಸುವುದು ಎಷ್ಟು ಕಷ್ಟ ಅಂತ ದಿನಾ ಗಿರಾಕಿಗಳ ಜೊತೆ ಜಗಳವಾಡುವ ನಾನೇ ಅಂಥ ಮಾತಾಡಿಬಿಟ್ಟೆನಲ್ಲ!

ಆಮೇಲೆ ಅವರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಅಂಚು ಮಾತ್ರ ಸವರುವುದು ಒಂದು ಬಗೆ. ನಡುವೆ ತ್ರಿಕೋನದಂಥ ತುಂಡು ತೆಗೆದು ಜೋಡಿಸುವುದು ಇನ್ನೊಂದು, ಅದಕ್ಕೆ ಹೊತ್ತು ಹೆಚ್ಚು, ಕೈ ಪಳಗಿರಬೇಕು. ಪೂರ್ತಿ ನಿದ್ದೆ ಬರಿಸಿದರೆ ಅದಕ್ಕೊಬ್ಬ ಬೇರೆ ಡಾಕ್ಟರು, ದೊಡ್ಡ ಕೋಣೆ. ಆ ಜಾಗ ಮಾತ್ರ ಮರಗಟ್ಟಿಸಿದರೆ ಖರ್ಚು ಇಳಿಯುತ್ತದೆ, ನನಗೆ ಅದೇ ಸಾಕಂತೆ. ಔಷಧಿ, ಆಮೇಲಿನ ಎರಡು ಭೇಟಿ ಎಲ್ಲ ಅವರ ರೇಟಿನಲ್ಲೇ ಇದೆ. ಕೂಡಿ ಕಳೆದು ನೋಡಿದರೆ ಗಾಜಿನ ಬಾಗಿಲಿನದೇ ದುಬಾರಿ.

ವಿಮೆಯವರ ಹತ್ತಿರವೂ ಹೋಗಿದ್ದೆ. ಚೆಂದಕ್ಕಾದರೆ ಬಿಡಿಗಾಸೂ ಇಲ್ಲ, ನೋವಿಗೆ ಅಂತ ಡಾಕ್ಟರು ಬರೆದುಕೊಟ್ಟರೆ ನೋಡೋಣ ಅಂದರು. ಯಾವ ಆಪರೇಷನ್ ಅಂತ ಗುಮಾಸ್ತ ಕೇಳಿದ, ಲೇಬಿಯಾಪ್ಲಾಸ್ಟಿ ಅಂದೆ. ಹಾಗಂದ್ರೆ ಅಂದ. ಬಿಡಿಸಿ ಹೇಳಿದೆ. ‘ಸ್ವಲ್ಪ ಮೆಲ್ಲಗೆ ಮೇಡಂ’ ಅಂತ ಕಿವಿವರೆಗೂ ಕೆಂಪಾದ. ಅವನಿಗೆ ಸರಿಯಾಗಿ ಕೇಳಿಸಲಿ ಅಂತ ಇನ್ನೊಂದು ಸಲ ಜೋರಾಗಿ ಹೇಳಿದೆ. ಡಾಕ್ಟರಮ್ಮನ ಕಾಗದ ಕೊಟ್ಟಿದ್ದೇನೆ. ವಿಮೆಯವರು ಕೊಡದಿದ್ದರೂ ಓವರ್‌ಲಾಕ್ ಮೆಷಿನ್‌ಗೆ ಅಂತ ಎತ್ತಿಟ್ಟ ದುಡ್ಡಿದೆ.

ಯಾರೂ ಚೀಟಿಯಲ್ಲಿ ಬರೆಯದ ಖರ್ಚು ಒಂದಿದೆ. ಆರು ವಾರ ನಾನು ಮೆಷಿನ್ ಮುಂದೆ ಕೂರುವಂತಿಲ್ಲ. ಶಾಲೆಗಳು ಶುರುವಾಗುವ ಸಮಯ, ಸಮವಸ್ತ್ರದ ರಾಶಿ ಬಿದ್ದಿದೆ. ಹೊಲಿಯಲು ಪಕ್ಕದ ಬೀದಿಯ ಹೊಲಿಗೆಯವಳು ಒಪ್ಪಿದ್ದಾಳೆ. ನೀನು ಬಂದು ಅಳತೆ ತೆಗೆದು, ಕತ್ತರಿಸಿ ಕೊಟ್ಟರೆ ಸಾಕು. ಮೊದಲಿಂದಲೂ ನೀನು ಮೇಜಿನ ಮುಂದೆ ನಿಂತು ಕತ್ತರಿಸುವವಳೇ ತಾನೇ? ಮೆಷಿನ್ ಮುಂದೆ ಮಾತ್ರ ಕೂರಬೇಡ, ನನ್ನಾಣೆ. ಬುಧವಾರ ಸಂಜೆಯೇ ಬಾ. ಗುರುವಾರ ಆ ಕೋಣೆಯಿಂದ ಹೊರಗೆ ಬಂದಾಗ ನಿನ್ನ ಮುಖ ನೋಡಬೇಕು ನನಗೆ. ಧೈರ್ಯ ಇದೆ, ಆದರೂ ಭಯ ಆಗುತ್ತಿದೆ ಅಮ್ಮ.

ಹಟ ನಿನ್ನಿಂದಲೇ ಕಲಿತ,
ನೀನೇ ಅಡ್ಡಹೆಸರಿಟ್ಟ ನಿನ್ನ ಬಾಬಿನ್

ಮರೆತಿದ್ದು: ಹೋದ ವರ್ಷ ನೀನು ಕೈ ಮುರಿದುಕೊಂಡಾಗ ನಿನ್ನ ಬಟ್ಟೆ ಒಗೆದವಳು ನಾನು. ನಿನ್ನ ಒಳ ಉಡುಪುಗಳಿಗೂ ಅದೇ ಜಾಗದಲ್ಲಿ ಹತ್ತಿಬಟ್ಟೆಯ ಒಳಪದರ ಇತ್ತು. ಮೆಷಿನ್ ಹೊಲಿಗೆ ಒತ್ತಬಾರದು ಅಂತ ನೀನು ಕೈಯಲ್ಲೇ ಹೊಲಿದುಕೊಂಡಿದ್ದೆ. ಎಷ್ಟೋ ವರ್ಷದ ಹಳೇ ಬಟ್ಟೆಗಳಲ್ಲೂ ಇತ್ತು. ನೀನು ನಿಂತೇ ಕೆಲಸ ಮಾಡುತ್ತಿದ್ದುದು ಯಾಕೆ ಅಂತ ಆವತ್ತು ಒಗೆಯುವ ಕಲ್ಲಿನ ಮುಂದೆ ಗೊತ್ತಾಯಿತು, ಅತ್ತುಬಿಟ್ಟೆ. ನಿನಗೆ ಆಪರೇಷನ್ ಮಾಡಿಸಿಕೋ ಅನ್ನುವುದಿಲ್ಲ. ಡಾಕ್ಟರಮ್ಮ ಗುರುವಾರ ನೋಡುವವರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರೂ ಬರೆಸಿದ್ದೇನೆ, ಬರೀ ಪರೀಕ್ಷೆಗೆ. ಒಂದು ಸಲ ಡಾಕ್ಟರಮ್ಮನಿಗೆ ತೋರಿಸು, ನೋಯುತ್ತದೆ ಅಂತ ಬಾಯಿಬಿಟ್ಟು ಹೇಳು. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲವಂತೆ, ಕೇಳಿ ಬಂದಿದ್ದೇನೆ.