ಉಪ್ಪಿನ ಹರಳು

ಮಾರ್ಚ್ ೧೪, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಕೆಲಸದ ನೆಪ ಹೇಳಬಹುದು, ಆದರೆ ನೀನು ನಂಬುವವಳಲ್ಲ. ಮಗಳ ಮೊದಲ ಹಲ್ಲು ಬಿದ್ದಿದ್ದು, ಏಳನೇ ತರಗತಿಯ ಮಕ್ಕಳು ನಿನಗೆ ‘ಭೂತಗನ್ನಡಿ ಮಿಸ್’ ಎಂದು ಹೆಸರಿಟ್ಟಿದ್ದು ಓದಿ ಒಬ್ಬಳೇ ಕೂತು ನಕ್ಕೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ.

ಸುದ್ದಿಗೆ ಬರುತ್ತೇನೆ. ನಮ್ಮ ‘ದಾದಿ’ ಕೊನೆಗೂ ಮುಖ ತೋರಿಸಿದಳು! ಬ್ಯಾಕ್ಟೀರಿಯಾಕ್ಕೆ ಬಿಸಿ ತಗುಲಿದಾಗ ಉಳಿದ ಪ್ರೋಟೀನುಗಳು ಗಂಟುಗಟ್ಟದಂತೆ ಹಿಡಿದು ಕಾಯುವ ಪ್ರೋಟೀನಿಗೆ ನೀನೇ ಇಟ್ಟ ಹೆಸರಲ್ಲವೇ ಅದು. ಅವಳು ಹಿಡಿಯುವ ಆ ಒಂದು ಭಾಗದ ಆಕಾರ ತಿಳಿಯಲೆಂದು ನಾನು ಏಳು ವರ್ಷ ಜೀವ ತೇದೆ. ಆಮೇಲೆ ನೀನು ಬಂದು ಹದಿನಾಲ್ಕು ತಿಂಗಳು ಒದ್ದಾಡಿದೆ. ಹರಳುಗಟ್ಟಿದರೆ ತಾನೇ ಎಕ್ಸ್-ರೇ ಹಾಯಿಸಿ ನೋಡುವುದು? ಮಹಾರಾಯ್ತಿ ಜಪ್ಪಯ್ಯ ಅಂದರೂ ಹರಳುಗಟ್ಟಲಿಲ್ಲ.

ನಮ್ಮ ಲ್ಯಾಬಿನ ಮೇಷ್ಟ್ರು ನಿವೃತ್ತರಾಗುತ್ತಿದ್ದಾರೆ. ಅವರ ಕಪಾಟು ಖಾಲಿ ಮಾಡುವಾಗ ಹನ್ನೊಂದು ವರ್ಷದ ಹಿಂದಿನ ನಿನ್ನ ನೀಲಿ ನೋಟ್‌ಬುಕ್ ಸಿಕ್ಕಿತು. ಹರಳು ಬೆಳೆಸುವ ಪ್ಲೇಟಿನ ಹದಿನೆಂಟನೇ ಗುಂಡಿಯ ಹನಿಗೆ ಏನೇನು ಎಷ್ಟೆಷ್ಟು ಬೆರೆಸಿದೆಯೆಂದು ದುಂಡಗೆ ಬರೆದಿದ್ದೀಯ. ಪಕ್ಕದಲ್ಲೇ ‘ಉಪ್ಪಂತೆ’ ಎಂದು ಗೀಚಿ, ಒಂದು ಅಳುವ ಮುಖ. ಅದೇ ಅಳತೆಯಲ್ಲಿ ಹನಿ ಹಾಕಿ ಕೋಲ್ಡ್ ರೂಮಿನಲ್ಲಿಟ್ಟೆ. ಒಂಬತ್ತನೇ ದಿನ ಹರಳು ಬಂತು. ಈಗ ಪರದೆಯ ಮೇಲೆ ದಾದಿ ಬೊಗಸೆ ಒಡ್ಡಿ ನಿಂತಿದ್ದಾಳೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಆವತ್ತು ಗುಬ್ಬಿಗೆ ಬಂದಿದ್ದು ಉಪ್ಪಲ್ಲ. ಆ ಹುಡುಗೀನ ಸುಮ್ನೆ ಕಳಿಸಿಬಿಟ್ವಲ್ಲಮ್ಮ” ಅಂದರು. ನಾನು ತಲೆ ತಗ್ಗಿಸಿದ್ದು ನೋಡಿ, “ಸೂಜಿ ಒಂದೊಂದ್ಸಲ ಮೋಸ ಮಾಡುತ್ತೆ, ಬಿಡು” ಎಂದು ಸಮಾಧಾನ ಬೇರೆ ಮಾಡಿದರು.

ನಿನ್ನ ಹನಿಯಲ್ಲಿ ಹರಳು ಕಂಡ ಆ ದಿನ ನಿನಗೂ ನೆನಪಿರಬೇಕು. ಅದು ಪ್ರೋಟೀನೋ, ದ್ರಾವಣದ ಉಪ್ಪೋ ತಿಳಿಯಲು ನಮ್ಮದು ಒಂದೇ ಪರೀಕ್ಷೆ: ಸೂಜಿಯಿಂದ ಒತ್ತಿದರೆ ಉಪ್ಪಿನ ಹರಳು ಕಟಕ್ಕೆಂದು ಒಡೆಯುತ್ತದೆ, ಪ್ರೋಟೀನಿನದು ಮೆತ್ತಗೆ ಪುಡಿಯಾಗುತ್ತದೆ. “ನನ್ ಕೈಲಾಗಲ್ಲ ಅಕ್ಕಾ, ನೀವೇ ಒತ್ತಿ. ನಾನು ನೋಡಲ್ಲಪ್ಪ” ಎಂದು ನೀನು ಬಾಗಿಲಾಚೆ ನಿಂತೆ. ನಾನು ಹೊರಗೆ ಬಂದು “ಉಪ್ಪು ಕಣೇ” ಅಂದೆ. “ಹೋಗ್ಲಿ ಬಿಡಿ, ಅಡುಗೆಗಾದ್ರೂ ಆಗುತ್ತೆ” ಎಂದು ನಕ್ಕುಬಿಟ್ಟೆ ನೀನು. ಮೂರು ತಿಂಗಳಿಗೆ, “ನನ್ ಕೈಗುಣಾನೇ ಸರಿಯಿಲ್ಲ” ಎಂದು ಹೇಳಿ ನೀನು ಕೆಲಸ ಬಿಟ್ಟು ಹೋದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಪ್ರಬಂಧದಲ್ಲಿ ನಿನ್ನ ಹೆಸರೇ ಮೊದಲಿರಬೇಕೆಂದು ಹಠ ಹಿಡಿದಿದ್ದೇನೆ. ಒಪ್ಪಿಗೆಪತ್ರ ಜೊತೆಗಿದೆ, ಸಹಿ ಹಾಕಿ ಕಳಿಸು. ಮಗಳಿಗೆ ಹೊಸ ಹಲ್ಲು ಸೊಗಸಾಗಿ ಬರಲಿ, ನಿನ್ನ ಮನೆ ನಗುತ್ತಿರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆಯನ್ನು ಮೂರು ಸಲ ಅಂಟಿಸಿ ಮೂರು ಸಲವೂ ಹರಿದೆ. ಇದನ್ನು ಓದಿದ ಮೇಲೂ ಮನಸ್ಸಾದರೆ ಸಹಿ ಹಾಕು. ಏಳು ವರ್ಷ ನನಗೆ ಒಲಿಯದ್ದು ಹದಿನಾಲ್ಕೇ ತಿಂಗಳಲ್ಲಿ ನಿನಗೆ ಒಲಿಯಿತಲ್ಲ ಎಂದು ಹೊಟ್ಟೆ ಉರಿಯಿತು. ಒಂದು ವಾರ ಬಿಟ್ಟು ನಿಜ ಹೇಳೋಣವೆಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಪ್ಲೇಟು ತೊಳೆದಿಟ್ಟಿದ್ದೆ. ಸೂಜಿ ಮೋಸ ಮಾಡಲಿಲ್ಲ ಗುಬ್ಬಿ. ಆ ದಿನ ಒತ್ತಿದಾಗ ಸದ್ದೇ ಬರಲಿಲ್ಲ.